ಕಂಡಿಕೆ ಒಂಬತ್ತನ್ನು ಓದಿದ ಏಳನೇ ತರಗತಿ

ಮಾನ್ಯ ಓದುಪಠ್ಯ ಆಯ್ಕೆ ಅಧಿಕಾರಿಗಳೇ,

ಮಕ್ಕಳ ಹಂತಕ್ಕೆ ಮೀರಿದ ಪಠ್ಯವನ್ನು ತರಗತಿಯಲ್ಲಿ ಓದಿಸಿದರು ಎಂಬ ಕಾರಣ ಕೊಟ್ಟು ನೀವು ಒಬ್ಬ ಶಿಕ್ಷಕಿಗೆ ನೋಟಿಸು ಕಳಿಸಿದ್ದೀರಿ. ಆಮೇಲೆ ಅವರನ್ನು ನಮ್ಮ ಶಾಲೆಯಿಂದಲೇ ಎತ್ತಿ ಬೇರೆ ಕಡೆ ಹಾಕಿದ್ದೀರಿ. ಆ ಮೀರಿದ ಪಠ್ಯ ಯಾವುದು ಎಂದು ಮಾತ್ರ ನೋಟಿಸಿನಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯಲು ನಾಚಿಕೆಯಾಗಿರಬೇಕು. ನಿಮ್ಮ ಪರವಾಗಿ ನಾನೇ ಹೇಳಿಬಿಡುತ್ತೇನೆ. ಅದು ನಿಮ್ಮ ಕಚೇರಿಯಿಂದ ಹೊರಟ, ನಿಮ್ಮದೇ ಸಹಿಯಿರುವ ಸುತ್ತೋಲೆ. ಹನ್ನೆರಡು ವರ್ಷದ ಮಕ್ಕಳು ಅದನ್ನು ಓದಿದರು, ಅರ್ಥ ಮಾಡಿಕೊಂಡರು, ಅದರಲ್ಲಿ ಬರೆದಂತೆ ನಡೆಯಿರಿ ಎಂದು ಕೇಳಿದರು. ನಡೆದ ಅಪರಾಧ ಇಷ್ಟು.

ನಾನು ಸಿರುಗುಪ್ಪದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ತಾಲ್ಲೂಕು ಕಚೇರಿಗೆ ಬರುವ ಜನರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತೇನೆ. ಹದಿನೆಂಟು ವರ್ಷಗಳಿಂದ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದು ಬರೆದು ನಿಮ್ಮ ಭಾಷೆ ನನಗೆ ಅಭ್ಯಾಸವಾಗಿದೆ. ಆದ್ದರಿಂದ ಈ ಪತ್ರದ ಭಾಷೆ ಯಾರೋ ಬರೆದುಕೊಟ್ಟದ್ದೆಂದು ಅನುಮಾನ ಪಡಬೇಡಿ. ನನ್ನ ಹೆಂಡತಿ ಶಿವಬಸಮ್ಮ ಅಕ್ಕಿ ಗಿರಣಿಗೆ ಹೋಗುತ್ತಾಳೆ. ಮಗಳು ಹುಲುಗಮ್ಮ ಸರ್ಕಾರಿ ಶಾಲೆಯ ಏಳನೇ ತರಗತಿಯಲ್ಲಿದ್ದಾಳೆ. ಆ ಶಾಲೆಯ ಶಾಲಾಭಿವೃದ್ಧಿ ಸಮಿತಿಗೆ ನಾನು ಅಧ್ಯಕ್ಷ. ಬೇರೆ ಯಾರೂ ಒಪ್ಪದ ಕಾರಣ ಆದ ಅಧ್ಯಕ್ಷ, ಆದರೂ ಅಧ್ಯಕ್ಷ.

ನನ್ನ ಮಗಳು ಓದುವ ರೀತಿಯನ್ನು ಮೊದಲು ಹೇಳಬೇಕು, ಇಡೀ ಜಗಳ ಶುರುವಾದದ್ದು ಅಲ್ಲಿಂದ. ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಗೆ ಬಂದು, ನಾನು ಟೈಪು ಮಾಡಿದ ಅರ್ಜಿಗಳನ್ನು ಓದುತ್ತ ಕೂರುತ್ತಾಳೆ. ನಾನು ಹೇಳಿದ್ದಲ್ಲ, ನಾಲ್ಕನೇ ತರಗತಿಯಿಂದ ಅವಳೇ ಹಚ್ಚಿಕೊಂಡ ಗೀಳು. ಬಲು ನಿಧಾನ. ಒಂದು ಸಾಲು ಓದುತ್ತಾಳೆ, ನಿಲ್ಲುತ್ತಾಳೆ, ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ. ಆಮೇಲೆ ಬೆರಳಿಟ್ಟು, “ಅಪ್ಪಾ, ಮ್ಯಾಲೆ ಅಣ್ಣ ಅಂತ ಬರದೀಯ, ಕೆಳಗ ತಮ್ಮ ಆಗ್ಯಾನ” ಎನ್ನುತ್ತಾಳೆ. ಹೀಗೆ ಅವಳು ತಡೆದ ತಪ್ಪುಗಳಿಗೆ ಲೆಕ್ಕವಿಲ್ಲ. ಹಿಂದಕ್ಕೆ ಹೋಗಿ ಓದುವುದೇ ಓದು ಎಂದು ನಾನು ತಿಳಿದಿದ್ದೆ. ನಿಮ್ಮ ಕಚೇರಿ ಜುಲೈನಲ್ಲಿ ನನ್ನ ತಪ್ಪು ತಿಳುವಳಿಕೆಯನ್ನು ತಿದ್ದಿತು.

ಜುಲೈನಲ್ಲಿ ನೀವು ಕಳಿಸಿದವರೊಬ್ಬರು ಶಾಲೆಗೆ ಬಂದರು. ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು, ಮೊಬೈಲಿನಲ್ಲಿ ಒಂದು ನಿಮಿಷದ ಗಡಿಯಾರ ಇಟ್ಟು ಗಟ್ಟಿಯಾಗಿ ಓದಿಸಿದರು. ಪಠ್ಯ ಹೀಗಿತ್ತು: ‘ರೋಹನ್ ಮಾಲ್‌ಗೆ ಹೋದನು. ಅಲ್ಲಿ ಎಸ್ಕಲೇಟರ್ ಇತ್ತು. ರೋಹನ್ ಅದರ ಮೇಲೆ ನಿಂತನು. ಅವನು ಮೇಲೆ ಹೋದನು. ಅಮ್ಮ ಕೆಳಗೆ ಇದ್ದಳು. ರೋಹನ್ ನಕ್ಕನು.’ ನನ್ನ ಮಗಳು ನಾಲ್ಕನೇ ವಾಕ್ಯಕ್ಕೆ ನಿಂತಳು. ಹಿಂದಕ್ಕೆ ಹೋದಳು. ಮತ್ತೆ ಓದಿದಳು. ಆಮೇಲೆ ಬಂದವರನ್ನು ಕೇಳಿದಳು.

“ಸಾರ್, ನಿಂತಾನ ಅಂತ ಐತಿ. ನಿಂತಾವ ಮ್ಯಾಲೆ ಹೆಂಗ ಹೋದ?”

“ನೀ ಓದು, ಟೈಮ್ ಹೋಗಾಕತ್ತೈತಿ.”

“ಅವ್ರವ್ವ ಕೆಳಗ ಉಳಿದ್ರ ಅವ ಯಾಕ ನಗ್ತಾನ್ರಿ?”

ಅಷ್ಟರಲ್ಲಿ ನಿಮಿಷ ಮುಗಿಯಿತು. ಹುಲುಗಮ್ಮನಿಗೆ ಆರು ಹಂತಗಳಲ್ಲಿ ಎರಡನೆಯದು ಸಿಕ್ಕಿತು. ಅವಳ ಪಕ್ಕದಲ್ಲಿ ಕೂರುವ ಸಮ್ರಾಟ್ ಗಾಳಿಯಂತೆ ಓದುವ ಹುಡುಗ. ಅವನು ಉಸಿರು ಬಿಡದೆ ಓದಿ ಆರನೇ ಹಂತ ಹತ್ತಿದ. ಎಸ್ಕಲೇಟರ್ ಅಂದರೇನೋ ಎಂದು ಹೊರಗೆ ಯಾರೋ ಕೇಳಿದ್ದಕ್ಕೆ, “ರೋಹನನ ನಾಯಿ ಇರಬೇಕು” ಎಂದನಂತೆ. ನಿಮ್ಮ ಗಡಿಯಾರಕ್ಕೆ ಅದು ಕೇಳಿಸಲಿಲ್ಲ.

ಆಗಸ್ಟಿನಲ್ಲಿ ಓದುಕಾರ್ಡುಗಳು ಬಂದವು. ಎರಡನೇ ಹಂತಕ್ಕೆ ಹಳದಿ ಕಾರ್ಡು. ಏಳನೇ ತರಗತಿಯ ಇಪ್ಪತ್ತೊಂದು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳ ಕೈಗೆ ಹಳದಿ ಬಂತು. ಅದರಲ್ಲಿ ‘ಇದು ಚೆಂಡು. ಚೆಂಡು ಉರುಳಿತು. ಗೀತಾ ಓಡಿದಳು’ ಎಂದಿತ್ತು. ಹನ್ನೆರಡು ತುಂಬಿದ ಹುಡುಗಿಯರು, ತಮ್ಮನಿಗೆ ಅನ್ನ ಮಾಡಿಟ್ಟು ಶಾಲೆಗೆ ಬರುವ ಹುಡುಗಿಯರು, ಚೆಂಡು ಉರುಳಿದ್ದನ್ನು ಓದುತ್ತ ಕೂತರು. ಈ ಕಾರ್ಡು ದಾಟುವವರೆಗೂ ಅವರಿಗೆ ಬೇರೆ ಪಠ್ಯ ಕೊಡುವಂತಿಲ್ಲ ಎಂಬುದು ನಿಮ್ಮ ಆದೇಶ ಎಂದು ಶಾಲೆಗೆ ತಿಳಿಸಲಾಗಿತ್ತು.

ಪಠ್ಯ ಸುಲಭವೋ ಕಷ್ಟವೋ ಎಂದು ನೀವು ಅಳೆಯುವ ಬಗೆಯನ್ನು ನಾನು ಸುತ್ತೋಲೆಯ ಅನುಬಂಧದಲ್ಲಿ ಓದಿದ್ದೇನೆ. ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಅಕ್ಷರ, ಒಟ್ಟು ಎಷ್ಟು ಒತ್ತಕ್ಷರ ಎಂದು ಎಣಿಸಿ ಕೂಡಿಸುತ್ತೀರಿ. ಮೊತ್ತ ಜಾಸ್ತಿಯಾದರೆ ಪಠ್ಯ ಅನರ್ಹ. ಬಹಳ ವೈಜ್ಞಾನಿಕ. ಒತ್ತಕ್ಷರದ ಲೆಕ್ಕದಂತೆ ‘ಅಪ್ಪ’ ಕಠಿಣ, ‘ಆವರಣ’ ಸರಳ. ‘ಭತ್ತ’ ಕಠಿಣ, ‘ಪರಿಸರ’ ಸರಳ. ಅಕ್ಕ, ಹತ್ತಿ, ಬೆಲ್ಲ, ರೊಟ್ಟಿ ಎಲ್ಲವೂ ನಮ್ಮ ಮಕ್ಕಳಿಗೆ ಭಾರ. ಸಿರುಗುಪ್ಪ ಎಂಬ ಊರಿನ ಹೆಸರೇ ಸಿರುಗುಪ್ಪದ ಮಕ್ಕಳ ಶಕ್ತಿಗೆ ಮೀರಿದ್ದು. ಬಳ್ಳಾರಿಯ ಮಕ್ಕಳ ಪಾಡೂ ಅದೇ. ಒತ್ತಕ್ಷರವಿಲ್ಲದ ಊರಿನಲ್ಲಿ ಹುಟ್ಟಿದ ಕುರುಗೋಡಿನ ಮಕ್ಕಳು ಪುಣ್ಯವಂತರು. ಹುಟ್ಟಿದಾಗಿನಿಂದ ಬಾಯಲ್ಲಿರುವ ಪದ ಕಷ್ಟ, ಎಂದೂ ಕೇಳದ ಪದ ಸುಲಭ ಎಂದು ಹೇಳುವ ಅಳತೆಗೋಲನ್ನು ತಯಾರಿಸಲು ಎಷ್ಟು ಜನ ಎಷ್ಟು ದಿನ ಕೂತಿದ್ದಿರಿ?

ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ವಾಕ್ಯ ಚಿಕ್ಕದಾಗಬೇಕೆಂದು ನೀವು ಕತ್ತರಿಸುವಾಗ ಮೊದಲು ಬೀಳುವುದು ಯಾವುದು, ಗಮನಿಸಿದ್ದೀರಾ? ‘ಏಕೆಂದರೆ’, ‘ಆದರೂ’, ‘ಆದ್ದರಿಂದ’, ‘ಒಂದು ವೇಳೆ’. ನಿಮ್ಮ ಮೂವತ್ತು ಕಾರ್ಡುಗಳನ್ನು ನಾನು ಅಂಗಡಿಯಲ್ಲಿ ಕೂತು ಹುಡುಕಿದ್ದೇನೆ. ಒಂದು ಕಡೆಯೂ ‘ಏಕೆಂದರೆ’ ಇಲ್ಲ. ಚೆಂಡು ಉರುಳಿತು, ಗೀತಾ ಓಡಿದಳು. ಯಾಕೆ ಓಡಿದಳು? ಹಿಡಿಯಲೋ, ಹೆದರಿಯೋ? ಅದನ್ನು ಮಗು ಊಹಿಸಿಕೊಳ್ಳಬೇಕು. ಎರಡು ವಾಕ್ಯಗಳ ನಡುವೆ ಇದ್ದ ಸೇತುವೆಯನ್ನು ನೀವು ಕಿತ್ತು ಹಾಕಿ, ದಾರಿ ಚಿಕ್ಕದಾಯಿತು ನೋಡಿ ಎನ್ನುತ್ತಿದ್ದೀರಿ. ನನ್ನ ಮಗಳು ಎಸ್ಕಲೇಟರ್ ಮೇಲೆ ನಿಂತುಹೋದದ್ದು ಓದು ಬರದೆ ಅಲ್ಲ. ನೀವು ಕಿತ್ತ ಜಾಗದಲ್ಲಿ ಅವಳ ಕಾಲು ಸಿಕ್ಕಿಕೊಂಡಿತು. ಕಾರಣವಿಲ್ಲದ ವಾಕ್ಯಗಳನ್ನೇ ಓದಿ ಬೆಳೆದ ಮಕ್ಕಳು ಮುಂದೆ ನಿಮ್ಮ ಕಚೇರಿಯ ಮುಂದೆ ನಿಂತು ಕಾರಣ ಕೇಳುವುದಿಲ್ಲ ಎಂಬ ದೂರಾಲೋಚನೆ ಇದರಲ್ಲಿದ್ದರೆ ಅದನ್ನಾದರೂ ಅನುಬಂಧದಲ್ಲಿ ಬರೆಯಬಹುದಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಮಗಳು ಹಳದಿ ಕಾರ್ಡಿನ ವಿಷಯವನ್ನು ಮನೆಯಲ್ಲಿ ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಬದಲಾವಣೆಯನ್ನು ಮಾತ್ರ ನೋಡಿದ್ದೆ. ಅಂಗಡಿಗೆ ಬಂದವಳು ಅರ್ಜಿಗಳನ್ನು ಜೋರಾಗಿ, ಎಲ್ಲಿಯೂ ನಿಲ್ಲದೆ, ಬಸ್ಸು ಹಿಡಿಯುವವಳಂತೆ ಓದತೊಡಗಿದ್ದಳು. ಹುಡುಗಿ ಚುರುಕಾಗುತ್ತಿದ್ದಾಳೆ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ತಂದೆಯಾದವನ ದಡ್ಡತನಕ್ಕೆ ನಿಮ್ಮ ಬಳಿ ಹಂತವಿದ್ದರೆ ಅದನ್ನೂ ಕೊಡಿ.

ಒಂದು ಬೆಳಿಗ್ಗೆ ನಮ್ಮ ಓಣಿಯ ಹಂಪಕ್ಕ ಬಂದಳು. ಎಪ್ಪತ್ತು ದಾಟಿದ ಮುದುಕಿ, ಒಬ್ಬಳೇ ಇರುವವಳು. ಪಡಿತರ ಚೀಟಿಯ ಪಟ್ಟಿಯಿಂದ ಅವಳ ಹೆಸರನ್ನು ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರು. ತೆಗೆಯಬಾರದು ಎಂದು ಅರ್ಜಿ ಬೇಕಿತ್ತು. ಎರಡು ಅರ್ಜಿಗಳ ನಡುವೆ ಅವಸರದಲ್ಲಿ ಟೈಪು ಮಾಡಿ, ಶಾಲೆಗೆ ಹೊರಟಿದ್ದ ಮಗಳ ಕೈಗೆ ಕೊಟ್ಟೆ. ಅವಳು ಒಂದೇ ಉಸಿರಿಗೆ ಪುಟ ಮುಗಿಸಿ, “ಸರಿ ಐತಿ ಅಪ್ಪಾ” ಎಂದಳು. ಹಂಪಕ್ಕ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡು ಹೋದಳು.

ಸಂಜೆ ಅದೇ ಕಾಗದ ಹಿಡಿದು ಮುದುಕಿ ಮರಳಿ ಬಂದಳು. ಮಗಳು ಶಾಲೆಯಿಂದ ಬಂದು ಅಂಗಡಿಯಲ್ಲೇ ಇದ್ದಳು.

“ಏನ್ ಬರದು ಕೊಟ್ಟೀಯೋ ಕುಮಾರ? ನನ್ನ ಹೆಸರು ತೆಗೀರಿ ಅಂತ ನಾನಾ ಕೇಳೀನಂತ. ಅಲ್ಲಿರಾವ ಪುಣ್ಯಾತ್ಮ ಓದಿ, ಅಜ್ಜಿ ನಿನಗೇನರ ಬ್ಯಾಸರ ಬಂದೈತೇನು ಅಂತ ಕೇಳಿದ.”

ಕಾಗದ ನೋಡಿದೆ. ‘ಕೈಬಿಡಬಾರದೆಂದು’ ಎನ್ನುವ ಕಡೆ ‘ಕೈಬಿಡಬೇಕೆಂದು’ ಎಂದು ಟೈಪು ಮಾಡಿದ್ದೆ. ತಪ್ಪು ನನ್ನದೇ. ಓದಿ ನೋಡಿದ ಆ ಕಚೇರಿಯ ಮನುಷ್ಯನಿಂದ ಹಂಪಕ್ಕನ ಅಕ್ಕಿ ಉಳಿಯಿತು. ಬೇರೆ ಅರ್ಜಿ ಮಾಡಿಕೊಟ್ಟು ಮುದುಕಿಯನ್ನು ಕಳಿಸಿದ ಮೇಲೆ ಮಗಳ ಕಡೆ ತಿರುಗಿದೆ. ಬೈಯಬೇಕೆಂದಿರಲಿಲ್ಲ, ಆಶ್ಚರ್ಯದಿಂದ ಕೇಳಿದೆ.

“ನೀ ಇಂಥಾದು ಬಿಡಾಕಿ ಅಲ್ಲಲ್ಲವ್ವಾ. ಏನಾತು?”

ಅವಳು ಚೀಲದಿಂದ ಹಳದಿ ಕಾರ್ಡು ತೆಗೆದು ಕೌಂಟರಿನ ಮೇಲೆ ಇಟ್ಟಳು.

“ಹಿಂದಕ್ಕ ಹೋಗಿ ಓದಿದ್ರ ಹಂತ ಏರಂಗಿಲ್ಲಪ್ಪಾ. ಅದಕ್ಕ ನಿಲ್ಲಬಾರದು ಅಂತ ರೂಢಿ ಮಾಡ್ಕಳಾಕತ್ತೀನಿ. ಓದ್ತೀನಿ, ಆದ್ರ ಏನ್ ಓದಿದೆ ಅಂತ ಗೊತ್ತಾಗಂಗಿಲ್ಲ ಈಗ.”

ಮಾನ್ಯರೇ, ಈ ಮಾತನ್ನು ದಯವಿಟ್ಟು ನಿಧಾನಕ್ಕೆ ಓದಿ. ಓದು ಬರುತ್ತಿದ್ದ ಮಗುವಿಗೆ ನೀವು ಓದದಿರುವುದನ್ನು ಕಲಿಸಿದ್ದೀರಿ. ಅವಳು ಶ್ರದ್ಧೆಯಿಂದ, ದಿನಾ ಸಂಜೆ ಕೂತು, ಅರ್ಥವನ್ನು ಬಿಟ್ಟುಬಿಡುವ ಅಭ್ಯಾಸ ಮಾಡಿಕೊಂಡಳು.

ಮರುದಿನ ನಾನು ಶಾಲೆಗೆ ಹೋದೆ. ಏಳನೇ ತರಗತಿಯ ಕನ್ನಡ ಶಿಕ್ಷಕಿ ಸುಮಂಗಲಾ ಟೀಚರ್. ಕುರುಗೋಡಿನವರು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ನಾನು ಕೂಗಾಡಿದೆ, ಅವರು ಸುಮ್ಮನೆ ಕೇಳಿಸಿಕೊಂಡರು.

“ನನಗೂ ಸಿಟ್ಟೈತ್ರಿ ಅಣ್ಣಾರ. ಕಾರ್ಡ್ ಬಿಟ್ಟು ಬ್ಯಾರೆ ಓದಿಸಿದ್ರ ಆ್ಯಪ್‌ನ್ಯಾಗ ನನ್ನ ಹೆಸರಿನ ಮುಂದ ಕೆಂಪು ಬರ್ತೈತಿ. ಆದೇಶ ಐತಿ ಅಂತಾರ.”

“ಆ ಆದೇಶ ನೀವು ಪೂರಾ ಓದೀರೇನ್ರಿ?”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. “ಸುಳ್ಳು ಯಾಕ ಹೇಳಲಿ. ಎರಡನೇ ಪುಟಕ್ಕ ಬಿಟ್ಟೆ. ಮೀಟಿಂಗ್‌ನ್ಯಾಗ ಏನ್ ಹೇಳಿದ್ರೋ ಅದನ್ನ ಮಾಡಾಕತ್ತೀವಿ ಎಲ್ಲಾರೂ.”

ಬಾಗಿಲ ಹತ್ತಿರ ನನ್ನ ಮಗಳು ನಿಂತಿದ್ದಳು. ಅಪ್ಪ ಶಾಲೆಗೆ ಬಂದು ಕೂಗಾಡಿದರೆ ಯಾವ ಮಗುವಿಗೂ ಆಗುವಷ್ಟು ನಾಚಿಕೆ ಅವಳಿಗೂ ಆಗಿತ್ತು. ಆದರೂ ಕೇಳಿದಳು. “ಟೀಚರ್, ನನ್ನ ಎರಡನೇ ಹಂತಕ್ಕ ಹಾಕ್ಯಾರಂದ್ರ ಆ ಪೇಪರ್‌ನ್ಯಾಗ ಬರದಿರ್ತೈತಲ್ಲ? ಅದನ್ನ ನಾನು ಓದ್ಲಾ?”

ಸುಮಂಗಲಾ ಟೀಚರ್ ಅಂದು ಸಂಜೆ ನನ್ನ ಅಂಗಡಿಗೆ ಬಂದು ನಿಮ್ಮ ಸುತ್ತೋಲೆಯ ಇಪ್ಪತ್ತೊಂದು ಪ್ರತಿ ಮಾಡಿಸಿಕೊಂಡರು. ನಾಲ್ಕು ಪುಟ, ಹನ್ನೆರಡು ಕಂಡಿಕೆ. “ಇದಕ್ಕಿಂತ ಕಷ್ಟದ್ದು ನನ್ನ ಹತ್ರ ಇಲ್ಲ. ಆದ್ರ ಇದ್ರಾಗ ಏನೈತಿ ಅಂತ ತಿಳಕಳಾಕ ಆ ಹುಡುಗ್ರಿಗೆ ಇರೋ ಹಸಿವು ಬ್ಯಾರೆ ಯಾವ ಪಾಠಕ್ಕೂ ಇಲ್ರಿ” ಎಂದರು. ಪಠ್ಯ ಆಯ್ಕೆ ಎಂದರೆ ಏನು ಎಂದು ನನಗೆ ಮೊದಲ ಬಾರಿಗೆ ಹೊಳೆದದ್ದು ಆಗ. ಎಷ್ಟು ಕಷ್ಟ ಎಂದು ಕೇಳಿ ಸುಮ್ಮನಾದರೆ ಆಗುವುದಿಲ್ಲ. ಯಾರಿಗೆ, ಯಾತಕ್ಕೆ, ಆ ಕಷ್ಟ ದಾಟಿದ ಮೇಲೆ ಆಚೆ ಅವರಿಗೆ ಏನು ಸಿಗುತ್ತದೆ ಎಂದೂ ಕೇಳಬೇಕು. ಇಷ್ಟನ್ನು ಕುರುಗೋಡಿನ ಬಸ್ಸು ಹಿಡಿಯುವ ಅವಸರದಲ್ಲಿದ್ದ ಹೆಂಗಸೊಬ್ಬಳು ಜೆರಾಕ್ಸ್ ಯಂತ್ರದ ಮುಂದೆ ನಿಂತು ಹೇಳಿದಳು. ನಿಮ್ಮ ಅನುಬಂಧಕ್ಕೆ ಎಂಟು ಕೋಷ್ಟಕ ಬೇಕಾಯಿತು, ಆದರೂ ಹೇಳಲಾಗಲಿಲ್ಲ.

ಆರು ದಿನ ಓದಿದರು. ಐದನೇ ದಿನ ನಾನೂ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಅಂದು ಒಂಬತ್ತನೇ ಕಂಡಿಕೆ. ನೀವು ಬರೆದದ್ದೇ ಆದರೂ ಮರೆತಿರಬಹುದಾದ್ದರಿಂದ ಇಲ್ಲಿ ಕೊಡುತ್ತೇನೆ:

‘ಗಟ್ಟಿ ಓದಿನ ವೇಗವನ್ನು ಮಾತ್ರ ಆಧಾರವಾಗಿಟ್ಟುಕೊಂಡು ನಿಗದಿಪಡಿಸಲಾದ ಹಂತವು ತಾತ್ಕಾಲಿಕ ಸ್ವರೂಪದ್ದಾಗಿದ್ದು, ಸದರಿ ವಿದ್ಯಾರ್ಥಿಯು ಓದಿದ್ದನ್ನು ತನ್ನ ಮಾತಿನಲ್ಲಿ ವಿವರಿಸಲು ಶಕ್ತನಿರುವ ಪಕ್ಷದಲ್ಲಿ, ತರಗತಿ ಶಿಕ್ಷಕರ ಲಿಖಿತ ಅಭಿಪ್ರಾಯಕ್ಕೆ ಹಾಗೂ ಶಾಲಾಭಿವೃದ್ಧಿ ಸಮಿತಿಯ ಅನುಮೋದನೆಗೆ ಒಳಪಟ್ಟು, ಸದರಿ ಹಂತಕ್ಕೆ ಮೇಲ್ಪಟ್ಟ ಪಠ್ಯವನ್ನು ಒದಗಿಸಲು ನಿರಾಕರಿಸತಕ್ಕದ್ದಲ್ಲ.’

ಮೂವತ್ತೆರಡು ಪದಗಳ ಒಂದೇ ವಾಕ್ಯ. ಮಕ್ಕಳಿಗೆ ಏಳು ಪದಕ್ಕಿಂತ ಹೆಚ್ಚಿನ ವಾಕ್ಯ ಕೊಡಬಾರದು ಎಂದು ಹೇಳುವ ಅದೇ ಸುತ್ತೋಲೆಯಲ್ಲಿ.

ಮೊದಲು ಸಮ್ರಾಟ್ ಓದಿದ. ಎಲ್ಲಿಯೂ ಎಡವಲಿಲ್ಲ. ಟೀಚರ್ ಕೇಳಿದರು, “ಏನಂತಪ್ಪ ಹಂಗಂದ್ರ?”

“ಗೊತ್ತಿಲ್ರಿ ಟೀಚರ್. ಓದಿದೆ ಅಷ್ಟ.” ಹುಡುಗ ಪ್ರಾಮಾಣಿಕ.

“ಸದರಿ ಅಂದ್ರ?” ಎಂದು ಒಬ್ಬಳು ಕೇಳಿದಳು. ಟೀಚರ್ ಹೇಳಿದರು. “ಪಕ್ಷದಲ್ಲಿ ಅಂದ್ರ ಪಾರ್ಟಿ ಏನ್ರಿ?” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು, ಟೀಚರೂ ನಕ್ಕರು, ಆಮೇಲೆ ಅದನ್ನೂ ಬಿಡಿಸಿ ಹೇಳಿದರು. ಅಲ್ಪವಿರಾಮ ಬಂದಲ್ಲೆಲ್ಲ ವಾಕ್ಯವನ್ನು ಮುರಿದು ಬೋರ್ಡಿನ ಮೇಲೆ ನಾಲ್ಕು ತುಂಡು ಮಾಡಿ ಬರೆದರು. ಮಕ್ಕಳು ತುಂಡುಗಳನ್ನು ಗುನುಗುತ್ತ ಕೂತರು. ನನ್ನ ಮಗಳ ಬೆರಳು ಪುಟದ ಮೇಲೆ ಮುಂದೆ ಹೋಗಿ ಹಿಂದೆ ಬರುತ್ತಿರುವುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಅವಳು ನಿಲ್ಲದೆ ಓದತೊಡಗಿದ ದಿನದಿಂದ ಆ ಬೆರಳು ಪುಟದ ಮೇಲೆ ಇಳಿದಿರಲಿಲ್ಲ.

“ಟೀಚರ್, ಕೊನೀಗೆ ನೋಡ್ರಿ. ನಿರಾಕರಿಸತಕ್ಕದ್ದು ಅಂತಿಲ್ಲ. ಅಲ್ಲ ಅಂತ ಐತಿ.”

“ಹೂಂ. ಹಂಗಾರ?”

“ನಿರಾಕರಿಸಾದು ಅಂದ್ರ ಕೊಡಂಗಿಲ್ಲ ಅನ್ನಾದು. ಅದು ಅಲ್ಲ ಅಂದ್ರ...” ಅವಳು ಮತ್ತೆ ಮೊದಲಿನಿಂದ ಓದಿದಳು. ಯಾರೂ ಅವಸರ ಮಾಡಲಿಲ್ಲ. “ಕೊಡಂಗಿಲ್ಲ ಅನ್ನಂಗಿಲ್ಲ. ನಾವು ಓದಿದ್ದನ್ನ ನಮ್ಮ ಮಾತಿನ್ಯಾಗ ಹೇಳಿದ್ರ, ದೊಡ್ಡ ಪಾಠ ಕೊಡಬೇಕು ಅಂತ ಐತಿ ಟೀಚರ್. ನೀವು ಬರದು ಕೊಡಬೇಕು, ನಮ್ಮಪ್ಪ ಸೈ ಹಾಕಬೇಕು.”

ಸುಮಂಗಲಾ ಟೀಚರ್ ತಮ್ಮ ಪ್ರತಿಯನ್ನು ಎತ್ತಿಕೊಂಡು ತಾವೂ ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. “ಹೌದಲ್ಲ” ಎಂದರು.

ಸುತ್ತೋಲೆ ಬಂದು ಮೂರು ತಿಂಗಳಾಗಿತ್ತು. ಅದನ್ನು ಎಷ್ಟೋ ಶಾಲೆಗಳಿಗೆ ಕಳಿಸಿದ್ದೀರಿ, ಎಷ್ಟೋ ಸಭೆ ನಡೆಸಿದ್ದೀರಿ. ಆ ವಾಕ್ಯದ ಕೊನೆಯವರೆಗೆ ನಡೆದು ಹೋದವಳು ನೀವು ಎರಡನೇ ಹಂತಕ್ಕೆ ಇಳಿಸಿದ ಹುಡುಗಿ.

ಹದಿನಾಲ್ಕೂ ಮಕ್ಕಳು ಒಂದೊಂದು ಕಂಡಿಕೆಯನ್ನು ತಮ್ಮ ಮಾತಿನಲ್ಲಿ ವಿವರಿಸಿದರು. ಟೀಚರ್ ಹದಿನಾಲ್ಕು ಅಭಿಪ್ರಾಯ ಬರೆದರು. ಸಮಿತಿ ಸಭೆ ಸೇರಿ ಅನುಮೋದಿಸಿತು, ನಾನು ಸಹಿ ಹಾಕಿದೆ, ಪ್ರತಿಯನ್ನು ನಿಮಗೆ ಕಳಿಸಿದೆವು. ಆಮೇಲೆ ಐದು ವಾರ ಆ ತರಗತಿ ಓದಿದ ಹಾಗೆ ನಾನು ಯಾವ ತರಗತಿಯೂ ಓದುವುದನ್ನು ಕಂಡಿಲ್ಲ. ಕಾಲುವೆಗೆ ಯಾವ ದಿನ ಯಾವ ಭಾಗಕ್ಕೆ ನೀರು ಬಿಡುತ್ತಾರೆ ಎಂಬ ಪ್ರಕಟಣೆ, ಸಮುದ್ರ ದಾಟುವ ಹಕ್ಕಿಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಲೇಖನ, ಟೀಚರ್ ತಾವೇ ಕೇಳಿ ಬರೆದುಕೊಂಡಿದ್ದ, ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯುವ ಹೆಂಗಸೊಬ್ಬರ ದಿನಚರಿ. ಕೆಲವು ಕಡೆ ಎಡವಿದರು. ಹಕ್ಕಿಗಳ ಲೇಖನದ ಮಧ್ಯೆ ಒಂದು ಪುಟ ಯಾರಿಗೂ ಹತ್ತಲಿಲ್ಲ. ಅದು ತಮ್ಮ ಆಯ್ಕೆಯ ತಪ್ಪು ಎಂದು ಟೀಚರ್ ಒಪ್ಪಿಕೊಂಡು ಆ ಪುಟವನ್ನು ತಾವೇ ಓದಿ ಹೇಳಿದರು. ಸಮ್ರಾಟ್ ನಿಧಾನವಾಗಿ ಓದುವುದನ್ನು ಕಲಿಯತೊಡಗಿದ. ಒಂದು ಸಂಜೆ ಅಂಗಡಿಗೆ ಬಂದು ನನ್ನ ಮಗಳನ್ನು ಕೇಳಿದ, “ನೀ ಹಿಂದಕ್ಕ ಹೋಗ್ತೀಯಲ್ಲ, ಎಲ್ಲಿ ಮಟ ಹೋಗಬೇಕಲೇ?” ಅವಳು, “ಎಲ್ಲಿ ತಪ್ಪಿಸ್ಕಂಡ್ಯೋ ಅಲ್ಲಿ ಮಟ” ಎಂದಳು.

ನವೆಂಬರಿನಲ್ಲಿ ತಪಾಸಣೆ ಬಂತು. ಎರಡನೇ ಹಂತದ ಮಕ್ಕಳ ಕೈಯಲ್ಲಿ ಐದನೇ ಹಂತದ ಪಠ್ಯ, ಚೀಲದಲ್ಲಿ ನಿಮ್ಮ ಸುತ್ತೋಲೆಯ ಪ್ರತಿ. ಆ್ಯಪಿನಲ್ಲಿ ಕೆಂಪು. ಟೀಚರಿಗೆ ನೋಟಿಸು. ನಾನು ಒಂಬತ್ತನೇ ಕಂಡಿಕೆಯನ್ನೂ ಹದಿನಾಲ್ಕು ಅಭಿಪ್ರಾಯಗಳನ್ನೂ ಫೈಲಿಗೆ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದೆ. ಗಾಂಧಿನಗರದಲ್ಲಿ ಆಟೊ ಇಳಿದು ನಿಮ್ಮ ಕಚೇರಿಗೆ ಬಂದಾಗ ಹನ್ನೊಂದು ಗಂಟೆ. ನೀವು ಕರೆದದ್ದು ಮೂರಕ್ಕೆ. ಕೂರಿ ಎಂದಿರಿ, ನೀರು ಕೊಡಿಸಿದಿರಿ. ಅದನ್ನು ಮರೆತಿಲ್ಲ. ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಕೆಟ್ಟವರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

“ನೋಡ್ರಿ, ನಾವು ಮಾಡಿದ್ದು ನಿಮ್ಮ ಮಕ್ಕಳ ಒಳ್ಳೇದಕ್ಕ. ಕಷ್ಟದ್ದು ಕೊಟ್ರ ಹೆದರ್ತಾವು. ಸಾಲಿ ಬಿಡ್ತಾವು” ಎಂದಿರಿ.

“ಸಾರ್, ಹೆದರಿದ್ದು ಚೆಂಡಿನ ಕಾರ್ಡಿಗೆ. ನಾಚಿಕಿಗೆ ಹೆದರಿದ್ರು.”

“ಅದಕ್ಕೊಂದು ವ್ಯವಸ್ಥೆ ಐತಿ. ವ್ಯವಸ್ಥೆ ಬಿಟ್ಟು ಟೀಚರ್ ತಮಗ ಬೇಕಾದ್ದು ಓದಿಸಿದ್ರ ಹೆಂಗ?”

ನಾನು ಸುತ್ತೋಲೆಯನ್ನು ಮುಂದಿಟ್ಟು, ಒಂಬತ್ತನ್ನು ತಾವೇ ಓದಿ ನೋಡಿ ಎಂದೆ. ನೀವು ಓದಿದಿರಿ. ಅರ್ಧಕ್ಕೆ ನಿಂತಿರಿ. ಕನ್ನಡಕ ಸರಿ ಮಾಡಿಕೊಂಡು ಹಿಂದಕ್ಕೆ ಹೋದಿರಿ. ಮತ್ತೆ ಓದಿದಿರಿ. ನಿಮ್ಮ ತಲೆಯ ಮೇಲಿನ ಗೋಡೆ ಗಡಿಯಾರವನ್ನು ನಾನು ನೋಡುತ್ತಿದ್ದೆ. ಒಂದು ನಿಮಿಷ ನಲವತ್ತು ಸೆಕೆಂಡು. ತಮ್ಮ ಕೈಗೂ ಹಳದಿ ಕಾರ್ಡೇ ಬರಬೇಕಿತ್ತು. ಆದರೆ ನನಗೆ ಆ ಕ್ಷಣ ನಿಮ್ಮ ಮೇಲೆ ಗೌರವ ಬಂತು, ಏಕೆಂದರೆ ನೀವು ಅರ್ಥವಾಗುವವರೆಗೂ ಬಿಡಲಿಲ್ಲ. ಅರ್ಥವಾದದ್ದು ನಿಮ್ಮ ಮುಖದಲ್ಲಿ ನನಗೆ ಕಾಣಿಸಿತು. “ಇದನ್ನ ಯಾರು ತೋರಿಸಿದ್ರು ನಿಮಗ?” ಎಂದು ಕೇಳಿದಿರಿ. “ಏಳನೇ ತರಗತಿ ಹುಡುಗಿ, ಸಾರ್” ಎಂದೆ. “ಪರಿಶೀಲಿಸ್ತೀವಿ” ಎಂದಿರಿ. ಆ ಸಂಜೆ ಬಸ್ಸಿನಲ್ಲಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ. ಓದಿದವರು ನ್ಯಾಯ ಮಾಡುತ್ತಾರೆ ಎಂದು ನಂಬುವ ವಯಸ್ಸು ನನಗೆ ದಾಟಿಲ್ಲ ಎಂದು ಕಾಣುತ್ತದೆ.

ಪರಿಶೀಲನೆಯ ಫಲ ಡಿಸೆಂಬರಿನಲ್ಲಿ ಬಂತು. ಸುಮಂಗಲಾ ಟೀಚರ್ ಅವರನ್ನು ಮೋಕದ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ನಿಯೋಜಿಸಿದ ಆದೇಶ ಒಂದು. ಅವರು ಹೊರಟ ದಿನ ಮಕ್ಕಳಿಗೆ ಏನೂ ಭಾಷಣ ಮಾಡಲಿಲ್ಲ, ಉಳಿದಿದ್ದ ದಿನಚರಿಯ ಕೊನೆಯ ಎರಡು ಪುಟ ಓದಿ ಮುಗಿಸಿ ಹೋದರು. ಅದರ ಜೊತೆಗೆ ಎಲ್ಲ ಶಾಲೆಗಳಿಗೂ ಒಂದು ತಿದ್ದೋಲೆ. ಅದರ ಪ್ರಿಂಟು ತೆಗೆಯಲು ಮುಖ್ಯೋಪಾಧ್ಯಾಯರು ನನ್ನ ಅಂಗಡಿಗೇ ಬಂದರು. ಅವರು ನನ್ನ ಮುಖ ನೋಡಲಿಲ್ಲ. ಯಂತ್ರದಿಂದ ಹೊರಬಂದ ಹಾಳೆಯನ್ನು ಮಗಳು ಎತ್ತಿಕೊಂಡಳು. ಅದರಲ್ಲಿದ್ದದ್ದು ಒಂದೇ ಸಾಲು: ‘ಕಂಡಿಕೆ 9 ಅನ್ನು ಕೈಬಿಡಲಾಗಿದೆ.’

ಅವಳು ಓದಿದಳು. ನಿಲ್ಲಲಿಲ್ಲ, ಹಿಂದಕ್ಕೆ ಹೋಗಲಿಲ್ಲ.

“ಇದು ಬಾಳ ಸುಲಭ ಐತಪ್ಪಾ” ಎಂದಳು.

ಶಿವಬಸಮ್ಮ ಗಿರಣಿಯಿಂದ ಬಂದಾಗ ಮಗಳೇ ಅವಳಿಗೆ ಎಲ್ಲವನ್ನೂ ಹೇಳಿದಳು. ಐದನೇ ತರಗತಿಗೆ ಶಾಲೆ ಬಿಟ್ಟ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಹುಡುಗ್ರಿಗೆ ತಿಳೀಲಿಲ್ಲ ಅಂತ ತೆಗದ್ರೋ, ತಿಳೀತು ಅಂತ ತೆಗದ್ರೋ?” ಆ ಪ್ರಶ್ನೆಯನ್ನು ಹಾಗೆಯೇ ನಿಮ್ಮ ಮುಂದಿಡುತ್ತಿದ್ದೇನೆ. ಮೂರು ತಿಂಗಳು ಯಾರಿಗೂ ತೊಂದರೆ ಕೊಡದೆ ಮಲಗಿದ್ದ ಒಂದು ವಾಕ್ಯ, ಮಕ್ಕಳು ಅದನ್ನು ಎಬ್ಬಿಸಿದ ಕೂಡಲೇ ನಿಮಗೆ ಬೇಡವಾಯಿತು. ಹಾಗಾದರೆ ಆ ಮೂವತ್ತೆರಡು ಪದಗಳನ್ನು ಬರೆದದ್ದು ಯಾರೂ ಓದುವುದಿಲ್ಲ ಎಂಬ ಭರವಸೆಯ ಮೇಲೆಯೇ? ಪಠ್ಯ ಮಕ್ಕಳಿಗೆ ಮೀರಿದ್ದು ಎನ್ನುವಾಗ ನಿಮಗೆ ಇದ್ದ ಆತಂಕ ಮಕ್ಕಳ ಬಗ್ಗೆಯೇ, ನಿಮ್ಮ ಬಗ್ಗೆಯೇ?

ಈಗ ನಮ್ಮ ಏಳನೇ ತರಗತಿಗೆ ಕನ್ನಡ ಶಿಕ್ಷಕರಿಲ್ಲ. ಹಳದಿ ಕಾರ್ಡುಗಳು ಮರಳಿ ಬಂದಿವೆ. ಮಕ್ಕಳು ಅವನ್ನು ಹತ್ತು ನಿಮಿಷದಲ್ಲಿ ಓದಿ ಬದಿಗಿಡುತ್ತಾರೆ. ಇಬ್ಬರು ಶಾಲೆಗೆ ಬರುವುದನ್ನು ಕಡಿಮೆ ಮಾಡಿದ್ದಾರೆ. ನಾನು ಅವರ ಮನೆಗಳಿಗೆ ಹೋಗಿ ಬಂದೆ. ಒಂದು ಮನೆಯಲ್ಲಿ, “ಸಾಲ್ಯಾಗ ಈಗ ಏನ್ ಐತಂತ ಕಳಸಾದ್ರಿ?” ಎಂದು ಕೇಳಿದರು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಕೈಬಿಟ್ಟ ಕಂಡಿಕೆಯನ್ನು ಮರಳಿ ಸೇರಿಸಿ. ಸುಮಂಗಲಾ ಟೀಚರ್ ಮೇಲಿನ ನೋಟಿಸನ್ನು ಹಿಂತೆಗೆದುಕೊಂಡು, ಈ ಶೈಕ್ಷಣಿಕ ವರ್ಷ ಮುಗಿಯುವ ಮೊದಲು ಅವರನ್ನು ನಮ್ಮ ಮಕ್ಕಳ ಬಳಿಗೆ ಕಳಿಸಿ. ಪಠ್ಯ ಆರಿಸುವ ಮುನ್ನ ಅದನ್ನು ಯಾವುದಾದರೂ ಒಂದು ಊರಿನ ಒಂದು ತರಗತಿಯಲ್ಲಿ ಕೂತು ಮಕ್ಕಳ ಜೊತೆ ಓದಿ, ಅವರು ಎಲ್ಲಿ ನಿಂತರು, ಯಾಕೆ ನಿಂತರು ಎಂದು ಬರೆದುಕೊಳ್ಳಿ. ಎಣಿಸುವುದನ್ನು ಆಮೇಲೆ ಎಣಿಸಿಕೊಳ್ಳಬಹುದು. ಇದಾವುದೂ ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎಂದೇ ಬರೆದು ಕಳಿಸಿ. ಬರೆಯುವಾಗ ಒಂದು ಕೃಪೆ ಮಾಡಿ. ನಮಗಾಗಿ ಸರಳ ಮಾಡಬೇಡಿ. ಎಷ್ಟು ಉದ್ದದ ವಾಕ್ಯವಿದ್ದರೂ ಇರಲಿ, ಒಳಗೆ ಕಾರಣವೊಂದಿದ್ದರೆ ಸಾಕು. ನಾವು ಕೂತು ಓದಿಕೊಳ್ಳುತ್ತೇವೆ.

ಇಂತಿ,
ಜನರ ಅರ್ಜಿಗಳ ಕೆಳಗೆ ‘ತಮ್ಮ ವಿಧೇಯ’ ಎಂದು ಸಾವಿರಾರು ಬಾರಿ ಟೈಪು ಮಾಡಿ, ತನ್ನ ಸರದಿ ಬಂದಾಗ ಮಾಡಲಾಗದೆ ಹೋದ
ವಿಜಯಕುಮಾರ
ಅರ್ಜಿ ಬರಹ ಮತ್ತು ಜೆರಾಕ್ಸ್, ಸಿರುಗುಪ್ಪ